ಮನೆ ಸಂಖ್ಯೆ ಹದಿನೇಳರ ಮೊಸರು

ಪ್ರಿನ್ಸಿಪಾಲರು ನನ್ನನ್ನು ಕರೆದು ಕೂರಿಸಿ ಕಾಫಿ ತರಿಸಿದಾಗಲೇ ನನಗೆ ಅನುಮಾನ ಬರಬೇಕಿತ್ತು. ನಮ್ಮ ಕಾಲೇಜಿನಲ್ಲಿ ಗುತ್ತಿಗೆಯವರಿಗೆ ಆ ಕೋಣೆಯಲ್ಲಿ ಕುರ್ಚಿ ಸಿಗುವುದೇ ಅಪರೂಪ, ಕಾಫಿಯ ಮಾತು ದೂರ. ನಾನು ಅಲ್ಲಿ ಸಹಾಯಕ ಗ್ರಂಥಪಾಲಕಿ. ವರ್ಷಕ್ಕೊಮ್ಮೆ ನವೀಕರಣವಾಗುವ ಹುದ್ದೆ, ಆ ವರ್ಷದ ನವೀಕರಣಕ್ಕೆ ಇನ್ನು ಒಂದೂವರೆ ತಿಂಗಳು ಬಾಕಿ. ಕಾಫಿಗೆ ಸಕ್ಕರೆ ಜಾಸ್ತಿಯಾಗಿತ್ತು. ಸುಮ್ಮನೆ ಕುಡಿದೆ.

ಕೆಂಗೇರಿ ದಾಟಿ ಇರುವ ನಮ್ಮ ಕಾಲೇಜಿಗೆ ಒಂದು ಸಂಶೋಧನಾ ಕೇಂದ್ರ ಮಂಜೂರಾಗುವ ಸಾಧ್ಯತೆ ಇತ್ತು. ಅರ್ಜಿ ಹಾಕಬೇಕಾದರೆ ಕಾಲೇಜಿನ ಒಬ್ಬ ವಿಜ್ಞಾನಿಯನ್ನು ಮುಂದಿಟ್ಟು, ಅವರ ಕೆಲಸ ಜಗತ್ತಿಗೆ ಎಷ್ಟು ಮುಟ್ಟಿದೆ ಎಂದು ಅಂಕಿಗಳಲ್ಲಿ ತೋರಿಸಬೇಕು. ಎಷ್ಟು ಲೇಖನ ಬರೆದಿದ್ದಾರೆ, ಬೇರೆ ವಿಜ್ಞಾನಿಗಳು ತಮ್ಮ ಬರಹಗಳಲ್ಲಿ ಅವನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆ, ಯಾವ ಯಾವ ಊರಿನವರ ಜೊತೆ ಸೇರಿ ಕೆಲಸ ಮಾಡಿದ್ದಾರೆ. ತನ್ನನ್ನು ತಾನೇ ಉಲ್ಲೇಖಿಸಿಕೊಂಡದ್ದು, ಜೊತೆ ಲೇಖಕರು ಉಲ್ಲೇಖಿಸಿದ್ದು ಲೆಕ್ಕಕ್ಕಿಲ್ಲ. ಅವನ್ನು ಕಳೆದು ಉಳಿದದ್ದು ‘ಸ್ವತಂತ್ರ ಉಲ್ಲೇಖ’. ಅದು ಸಾವಿರ ದಾಟಬೇಕು. ಕೊನೆಯ ಪುಟದಲ್ಲಿ ಗ್ರಂಥಪಾಲಕರ ಸಹಿ ಬೇಕು: ‘ಪರಿಶೀಲಿಸಿ ದೃಢೀಕರಿಸಿದ್ದೇನೆ.’ ಮುಖ್ಯ ಗ್ರಂಥಪಾಲಕರ ಕುರ್ಚಿ ಎರಡು ವರ್ಷದಿಂದ ಖಾಲಿ. ಹಾಗಾಗಿ ಸಹಿ ನನ್ನದು.

ವಿಜ್ಞಾನಿ ಯಾರು ಎಂದು ಕೇಳುವ ಅಗತ್ಯವಿರಲಿಲ್ಲ. ಸೂಕ್ಷ್ಮಜೀವಿ ವಿಭಾಗದ ಮೇಡಂ. ಮೊಸರು, ದೋಸೆ ಹಿಟ್ಟು, ಅಂಬಲಿ, ಒಟ್ಟಿನಲ್ಲಿ ಮನೆಯಲ್ಲಿ ಹುಳಿ ಬರುವ ಎಲ್ಲವನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟವರು. ಹುಡುಗರು ಹಿಂದಿನಿಂದ ‘ಮೊಸರು ಮೇಡಂ’ ಅನ್ನುತ್ತಿದ್ದರು, ಅದು ಅವರಿಗೂ ಗೊತ್ತಿತ್ತು. ಲೈಬ್ರರಿಗೆ ಬಂದರೆ ತಾವೇ ಪುಸ್ತಕ ಹುಡುಕಿ, ತಾವೇ ಅದರ ಜಾಗದಲ್ಲಿ ವಾಪಸ್ ಇಡುವ ಏಕೈಕ ಪ್ರಾಧ್ಯಾಪಕಿ. ಅಷ್ಟಕ್ಕೇ ನನಗೆ ಅವರ ಮೇಲೆ ಗೌರವ. ಅವರ ಲ್ಯಾಬಿನಲ್ಲಿ ಇಬ್ಬರು ಪಿಎಚ್‌ಡಿ ಹುಡುಗಿಯರಿದ್ದರು. ಕೇಂದ್ರ ಬಂದರೆ ಅವರ ಫೆಲೋಶಿಪ್ ಉಳಿಯುತ್ತದೆ, ಬಾರದಿದ್ದರೆ ಲ್ಯಾಬಿನ ಅರ್ಧ ಕಂಪ್ಯೂಟರ್ ವಿಭಾಗದ ಪಾಲು ಎಂದು ಆಡಳಿತ ಮಂಡಳಿ ಹೇಳಿಯಾಗಿತ್ತು.

ನನಗೆ ಮೂರು ವಾರ ಕೊಟ್ಟರು. ಕೆಲಸದ ಜಾಗ ಲೈಬ್ರರಿಯ ಹಿಂದಿನ ಹಳೇ ಜೆರಾಕ್ಸ್ ಕೋಣೆ. ಕಾಲೇಜು ಚಂದಾ ಕಟ್ಟಿರುವ ಉಲ್ಲೇಖ ಕೋಶ, ಅಂದರೆ ಯಾರು ಯಾರನ್ನು ಉಲ್ಲೇಖಿಸಿದ್ದಾರೆಂಬ ಲೆಕ್ಕವಿರುವ ಆನ್‌ಲೈನ್ ಭಂಡಾರ, ತೆರೆಯುವುದು ಅಲ್ಲಿನ ಒಂದೇ ಕಂಪ್ಯೂಟರಿನಲ್ಲಿ. ಒಂದು ಕಿಟಕಿ, ಅದರಾಚೆ ಹಾಸ್ಟೆಲಿನ ಗೋಡೆ. ಬಾಗಿಲಿನ ಒಳಚಿಲಕ ಮುರಿದಿತ್ತು. ಗಾಳಿಗೆ ದಡಬಡ ಬಡಿಯುತ್ತದೆ ಎಂದು ಅಟೆಂಡರ್ ಅಣ್ಣ ಹೊರಗಿನಿಂದ ಚಿಲಕ ಹಾಕಿ ಹೋಗುತ್ತಿದ್ದ. ನನಗೆ ಹೊರಗೆ ಬರಬೇಕೆನಿಸಿದರೆ ಅವನಿಗೆ ಫೋನ್ ಮಾಡಬೇಕು. ಅವನು ಕ್ಯಾಂಟೀನಿನಲ್ಲಿದ್ದರೆ ಫೋನ್ ಎತ್ತುವುದಿಲ್ಲ. ಜೈಲಿನಲ್ಲಾದರೂ ಊಟದ ಗಂಟೆ ಬಾರಿಸುತ್ತಾರೆ.

ಮೊದಲ ಕೆಲಸ ಲೇಖನಗಳ ಪಟ್ಟಿ. ಒಂದೇ ಲೇಖನ ಕೋಶದಲ್ಲಿ ಎರಡು ಮೂರು ಕಡೆ ಕುಳಿತಿರುತ್ತದೆ, ಅವನ್ನು ಕೂಡಿಸಬೇಕು. ಸಮ್ಮೇಳನದ ಸಾರಾಂಶಗಳನ್ನು ಬೇರೆ ಇಡಬೇಕು. ಅದಾದ ಮೇಲೆ ಎಚ್-ಸೂಚ್ಯಂಕ. ಹತ್ತು ಲೇಖನಗಳಿಗೆ ತಲಾ ಹತ್ತಾದರೂ ಉಲ್ಲೇಖ ಸಿಕ್ಕಿದ್ದರೆ ಆ ಸೂಚ್ಯಂಕ ಹತ್ತು. ಹೆಚ್ಚು ಬರೆದರಷ್ಟೇ ಸಾಲದು, ಬರೆದದ್ದೆಲ್ಲ ನಡೆಯಬೇಕು ಎಂಬ ಲೆಕ್ಕ. ಮೇಡಂ ಅವರದು ಮರ್ಯಾದಸ್ಥ ಸಂಖ್ಯೆಯೇ ಆಗಿತ್ತು. ನಾಲ್ಕನೇ ದಿನ ಸಹಯೋಗದ ನಕ್ಷೆ ಬಿಡಿಸಿದೆ. ಜೊತೆಯಲ್ಲಿ ಬರೆದ ಪ್ರತಿಯೊಬ್ಬರೂ ಒಂದು ಚುಕ್ಕೆ, ಸೇರಿ ಬರೆದರೆ ಗೆರೆ. ಪ್ರಿನ್ಸಿಪಾಲರು ಪರದೆಗೆ ಕಣ್ಣು ಹತ್ತಿರ ತಂದು ಹೊರದೇಶದ ಚುಕ್ಕೆಗಳನ್ನು ಹುಡುಕಿದರು. ಮೂರು ಇದ್ದವು. ಮಿಕ್ಕದ್ದೆಲ್ಲ ಬೆಂಗಳೂರು, ಮೈಸೂರು, ಧಾರವಾಡ. “ಫಾರಿನ್ ಗೆರೆ ಸ್ವಲ್ಪ ದಪ್ಪ ಮಾಡಕ್ಕಾಗಲ್ವಾ” ಎಂದು ಕೇಳಿದರು. ಗೆರೆಯ ದಪ್ಪ ಲೇಖನಗಳ ಸಂಖ್ಯೆಯಿಂದ ಬರುತ್ತದೆ ಸಾರ್ ಎಂದೆ. ಬಣ್ಣವಾದರೂ ಬದಲಾಯಿಸಿ ಎಂದು ಹೋದರು. ಕೆಂಪು ಮಾಡಿದೆ.

ಒಂದು ವಾರ ಕಳೆಯುವ ಹೊತ್ತಿಗೆ ಲೆಕ್ಕದ ಮೈಕಟ್ಟು ಕಂಡಿತು. ಸಾವಿರದ ಗೆರೆ ದಾಟುತ್ತಿತ್ತು, ಆದರೆ ಸ್ವಲ್ಪದರಲ್ಲಿ. ಅದರಲ್ಲಿ ಅರ್ಧದಷ್ಟು ಭಾರ ಹೊತ್ತಿದ್ದು ಒಂದೇ ಲೇಖನ. ಹದಿನಾಲ್ಕು ವರ್ಷದ ಹಿಂದೆ ಬೆಂಗಳೂರು ಪಶ್ಚಿಮದ ಕೆಲವು ಬಡಾವಣೆಗಳಲ್ಲಿ ಮನೆಮನೆಯಿಂದ ಮೊಸರು ತಂದು ಪರೀಕ್ಷಿಸಿದ್ದು. ಅವುಗಳಲ್ಲೊಂದು ಬಡಾವಣೆಯ, ಒಂದಕ್ಕೊಂದು ಸಂಬಂಧವಿಲ್ಲದ ಹಲವು ಮನೆಗಳ ಮೊಸರಿನಲ್ಲಿ ಒಂದೇ ತಳಿಯ ಬ್ಯಾಕ್ಟೀರಿಯಾ ಸಿಕ್ಕಿತ್ತು, ಡಿಎನ್‌ಎ ಗುರುತು ಕೂಡ ತದ್ರೂಪ. ಮನೆಗಳು ತಲೆಮಾರುಗಳಿಂದ ಹೆಪ್ಪು ಕಾಪಾಡಿಕೊಂಡು ಬಂದಿರುವುದರಿಂದ ಇದು ಈ ನೆಲದ್ದೇ ತಳಿ, ಹೀಗೆಂದು ಲೇಖನ ತೀರ್ಮಾನಿಸಿತ್ತು. ಮೇಡಂ ಹೆಸರು ಹೊರಗೆ ಗೊತ್ತಾಗಿದ್ದೇ ಅದರಿಂದ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಕೆಲಸ ಮುಗಿದಂತೆ. ಆದರೆ ಜೊತೆ ಲೇಖಕರ ಉಲ್ಲೇಖಗಳನ್ನು ಕಳೆಯಬೇಕಲ್ಲ, ಅದಕ್ಕೆ ಉಲ್ಲೇಖಿಸಿದ ಒಂದೊಂದು ಲೇಖನವನ್ನೂ ತೆರೆದು ಯಾರು ಬರೆದಿದ್ದಾರೆಂದು ನೋಡಬೇಕು. ತೆರೆದ ಮೇಲೆ ಕಣ್ಣು ಸುಮ್ಮನಿರುತ್ತದೆಯೇ? ಮೇಡಂ ಹೆಸರು ಬಂದ ಸಾಲನ್ನು ಓದುತ್ತಾ ಹೋದೆ. ಒಂದು ಮೂವತ್ತು ಓದುವಷ್ಟರಲ್ಲಿ ಅದೇ ಸಾಲು ಮತ್ತೆ ಮತ್ತೆ ಎದುರಾಗುತ್ತಿದೆ ಅನ್ನಿಸಿತು. ಯಾರೋ ಒಬ್ಬರು ತಮ್ಮ ಸಮೀಕ್ಷಾ ಲೇಖನದಲ್ಲಿ ಮೇಡಂ ಕೆಲಸವನ್ನು ಒಂದು ಸಾಲಿನಲ್ಲಿ ಹೇಳಿ, ಮನೆಗಳ ಸಂಖ್ಯೆಯನ್ನು ತಪ್ಪು ಬರೆದಿದ್ದರು. ಆಮೇಲಿನವರೆಲ್ಲ ಆ ತಪ್ಪು ಸಂಖ್ಯೆಯ ಸಮೇತ ಅದೇ ಸಾಲನ್ನು ಎತ್ತಿಕೊಂಡಿದ್ದರು. ಮೂಲ ಲೇಖನವನ್ನು ತೆರೆದವರೇ ಕಡಿಮೆ. ತೆರೆದವರಲ್ಲಿ ಮುಕ್ಕಾಲು ಪಾಲು ಜನ ಬರೆದದ್ದು ಬೇರೆಯೇ: ಆ ತಳಿ ನಮಗೆ ಸಿಗಲಿಲ್ಲ. ಹುಡುಕಿದೆವು, ಸಿಗಲಿಲ್ಲ. ತಮಿಳುನಾಡಿನಲ್ಲಿ ಸಿಗಲಿಲ್ಲ, ಗುಜರಾತಿನಲ್ಲಿ ಸಿಗಲಿಲ್ಲ. ಸಿಗಲಿಲ್ಲ ಎಂದವರ ಉಲ್ಲೇಖವೂ ಕೋಶದ ಪಾಲಿಗೆ ಒಂದು ಉಲ್ಲೇಖವೇ. ಬೈದರೂ ಒಂದು, ಹೊಗಳಿದರೂ ಒಂದು.

ಮನೆಗಳ ಸರಿಯಾದ ಸಂಖ್ಯೆ ಎಷ್ಟೆಂದು ನೋಡಲು ಮೂಲ ಲೇಖನದ ಅನುಬಂಧ ತೆರೆದೆ. ಅನುಬಂಧ ಅಂದರೆ ಯಾರೂ ಓದದ ಜಾಗ. ಅಲ್ಲಿ ಮನೆವಾರು ಕೋಷ್ಟಕವಿತ್ತು. ಸಮೀಕ್ಷೆಯಲ್ಲಿ ಕೊಟ್ಟ ಮನೆಯ ಸಂಖ್ಯೆ, ಬಡಾವಣೆ, ಪಾತ್ರೆ, ಹೆಪ್ಪು ಎಷ್ಟು ಕಾಲದ್ದು, ಉತ್ತರಿಸಿದವರು ಯಾರು. ತಳಿ ಸಿಕ್ಕ ಬಡಾವಣೆ ಮೂಡಲಪಾಳ್ಯ, ಅದರ ಎರಡು ಬೀದಿ. ನಾನಿರುವುದು ಮೂಡಲಪಾಳ್ಯದಲ್ಲಿ. ಖುಷಿಯಿಂದಲೇ ಸಾಲುಗಳ ಮೇಲೆ ಬೆರಳಾಡಿಸಿದೆ. ಸ್ಟೀಲ್ ಪಾತ್ರೆ, ಸ್ಟೀಲ್ ಪಾತ್ರೆ, ಮಡಕೆ, ಸ್ಟೀಲ್ ಪಾತ್ರೆ. ಮನೆ ಸಂಖ್ಯೆ ಹದಿನೇಳು: ಪಿಂಗಾಣಿ ಭರಣಿ. ಹೆಪ್ಪು ಮೂರು ತಲೆಮಾರಿನದು. ಉತ್ತರಿಸಿದವರು: ಸೊಸೆ.

ಬೆರಳು ಅಲ್ಲೇ ನಿಂತಿತು. ಮೊಸರನ್ನು ಉಪ್ಪಿನಕಾಯಿ ಭರಣಿಗೆ ಸುರಿಯುವ ಮನೆ ಆ ಬೀದಿಯಲ್ಲಿ ಒಂದೇ ಇತ್ತು. ಅದೂ ಒಂದೇ ಒಂದು ದಿನ.

ಆಗ ನಾನು ಮದುವೆಯಾಗಿ ಬಂದು ಆರು ತಿಂಗಳು. ಹಿಂದಿನ ದಿನ ಸಂಜೆ ಯಾವುದೋ ಕಾಲೇಜಿನ ಹುಡುಗ ಹುಡುಗಿಯರು ಮನೆಮನೆಗೆ ಬಂದು, ನಾಳೆ ಹತ್ತು ಗಂಟೆಗೆ ಮೊಸರಿನ ಮಾದರಿ ತಗೊಳ್ಳೋಕೆ ಬರ್ತೀವಿ, ಮನೆಯಲ್ಲೇ ಹೆಪ್ಪು ಹಾಕಿದ್ದಾಗಬೇಕು, ಪ್ಯಾಕೆಟ್ ಮೊಸರು ಆಗಲ್ಲ ಎಂದು ಹೇಳಿ ಹೋದರು. ನಮ್ಮ ಮನೆಯಲ್ಲಿ ಇದ್ದದ್ದು ಪ್ಯಾಕೆಟ್ ಮೊಸರೇ. ಅತ್ತೆಗೆ ಅದು ಮರ್ಯಾದೆಯ ಪ್ರಶ್ನೆಯಾಯಿತು. ಓದಿದವರು ಮನೆಗೆ ಬರುತ್ತಾರೆ, ಬರೆದುಕೊಂಡು ಹೋಗುತ್ತಾರೆ, ನಮ್ಮ ಮನೆಯಲ್ಲಿ ಮೊಸರು ಹಾಕಲ್ಲ ಅಂತ ಹೇಳೋಕಾಗುತ್ತಾ? ಹಿಂದಿನ ಬೀದಿಯಲ್ಲಿ ಹಳೇ ಊರಿನವರ ಮನೆಯೊಂದಿತ್ತು. ಆಗಿನ್ನೂ ಎರಡು ಹಸು ಕಟ್ಟಿದ್ದರು. ಆ ಮನೆಯ ಯಜಮಾನಿಯನ್ನು ಎಲ್ಲರೂ ಹಸುಮನೆ ಅಜ್ಜಿ ಅನ್ನುತ್ತಿದ್ದರು. ದೀಪ ಹಚ್ಚಿದ ಮೇಲೆ ಹಾಲು ಮೊಸರು ಮನೆಯಿಂದಾಚೆ ಕೊಡುವ ಪದ್ಧತಿ ಇಲ್ಲವಲ್ಲ, ಬೆಳಗ್ಗೆ ಎದ್ದವಳೇ ಬಟ್ಟಲು ಹಿಡಿದು ಹೋದೆ. ನಮ್ಮ ಬೀದಿಯ ಇನ್ನೂ ನಾಲ್ಕೈದು ಹೆಂಗಸರು ಅಲ್ಲಿ ನಿಂತಿದ್ದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತಂದ ಮೊಸರನ್ನು ಅತ್ತೆ ಭರಣಿಗೆ ಸುರಿದರು, ಹಳೇ ಕಾಲದ್ದು ಅನ್ನಿಸಲಿ ಅಂತ. ಹತ್ತು ಗಂಟೆಗೆ ಕೈಗವಸು ಹಾಕಿಕೊಂಡ ಹುಡುಗಿಯೊಬ್ಬಳು ಪುಟ್ಟ ಸೀಸೆಗೆ ಮೊಸರು ತುಂಬಿ, ಇದು ನಿಮ್ಮನೇದೇನಾ ಅಕ್ಕ, ಹೆಪ್ಪು ಎಷ್ಟು ವರ್ಷದ್ದು ಎಂದು ಕೇಳಿದಳು. ಅತ್ತೆ ಬಾಗಿಲ ಮರೆಯಿಂದ ನನ್ನನ್ನೇ ನೋಡುತ್ತಿದ್ದರು.

“ಹೂಂ, ನಮ್ಮನೇದೇ. ನಮ್ಮತ್ತೆಯವರ ಅತ್ತೆ ಕಾಲದಿಂದ” ಅಂದೆ. ಹುಡುಗಿ ಬರೆದುಕೊಂಡಳು.

ಅದು ಯಾವ ಕಾಲೇಜು ಎಂದು ಕೇಳಿರಲಿಲ್ಲ. ಹತ್ತು ವರ್ಷದ ಮೇಲೆ ಅದೇ ಕಾಲೇಜಿಗೆ ಕೆಲಸಕ್ಕೆ ಸೇರುತ್ತೇನೆ ಎಂದು ಕನಸೂ ಬಿದ್ದಿರಲಿಲ್ಲ.

ಜೆರಾಕ್ಸ್ ಕೋಣೆಯಲ್ಲಿ ಇನ್ನು ಕೂರಲಾಗದೆ ಅಟೆಂಡರ್ ಅಣ್ಣನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಕೊನೆಗೆ ಬಾಗಿಲ ಬಳಿ ಹೋಗಿ ಎರಡು ಕೈಯಲ್ಲೂ ಬಡಿದೆ. ಓದುವ ಕೋಣೆಯಿಂದ ಯಾರೋ ಬಂದು ಚಿಲಕ ತೆಗೆದು, ಏನಾಯ್ತು ಮೇಡಂ ಎಂದು ಗಾಬರಿಯಾದರು. ಸೆಕೆ ಅಂದೆ.

ಆಮೇಲಿನ ಐದು ದಿನ ನಾನು ಮಾಡಿದ ಕೆಲಸವೆಂದರೆ ಏನೂ ಮಾಡದಿದ್ದದ್ದು. ಸಹಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅತ್ತೆ ತೀರಿಕೊಂಡು ನಾಲ್ಕು ವರ್ಷ. ಆ ಬೀದಿಯ ಅರ್ಧ ಮನೆಗಳು ಈಗ ಬೇರೆಯವರ ಕೈಯಲ್ಲಿವೆ. ಹೇಳಿದರೆ ಮೇಡಂ ಲ್ಯಾಬ್ ಹೋಗುತ್ತದೆ, ಹುಡುಗಿಯರ ಫೆಲೋಶಿಪ್ ಹೋಗುತ್ತದೆ, ನನ್ನ ನವೀಕರಣ ಹೋಗುತ್ತದೆ. ಮಗಳು ಏಳನೇ ತರಗತಿಯಲ್ಲಿದ್ದಳು. ಗಂಡ ಕೆಲಸ ಮಾಡುವ ರಾಜಾಜಿನಗರದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ವಾರಕ್ಕೆ ಮೂರು ದಿನ ಮಾತ್ರ ಕೆಲಸವಿತ್ತು. ಬಾಯಲ್ಲಿ ಬಿಸಿತುಪ್ಪ, ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ. ಕಾಲೇಜಿನ ಕಾರಿಡಾರಿನಲ್ಲಿ ಮೇಡಂ ಆಗಾಗ ಎದುರಾಗುತ್ತಿದ್ದರು. “ಏನ್ರೀ, ನನ್ನ ಜಾತಕ ಎಲ್ಲಿಗೆ ಬಂತು” ಎಂದು ಅವರು ನಗುತ್ತಾ ಕೇಳಿದರೆ, ನಾನು ಯಾಕೋ ಕೈ ಒರೆಸಿಕೊಳ್ಳುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಪ್ರಿನ್ಸಿಪಾಲರು ಮತ್ತೆ ಕರೆದರು. ಈ ಸಲ ಕಾಫಿ ಇರಲಿಲ್ಲ. ಉಲ್ಲೇಖಗಳಲ್ಲಿ ಸುಮಾರು ಒಬ್ಬರದನ್ನು ನೋಡಿ ಒಬ್ಬರು ಬರೆದದ್ದಿದೆ, ಇನ್ನು ಕೆಲವು ಲೇಖನವನ್ನು ಒಪ್ಪದವರದು, ಎಲ್ಲವನ್ನೂ ಸ್ವತಂತ್ರ ಅಂತ ಸಹಿ ಹಾಕೋದು ಸರಿಯಾ ಎಂದು ಮೆಲ್ಲಗೆ ಬಾಯಿಬಿಟ್ಟೆ. ಮೊಸರಿನ ವಿಷಯ ಹೇಳಲಿಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಓದೋದು ನಿಮ್ಮ ಕೆಲ್ಸ ಅಲ್ಲಮ್ಮ. ಎಣ್ಸೋದು ನಿಮ್ಮ ಕೆಲ್ಸ” ಎಂದರು. ಆಮೇಲೆ ಡ್ರಾಯರಿನಿಂದ ಒಂದು ಹಾಳೆ ತೆಗೆದು ತೋರಿಸಿ ಮತ್ತೆ ಒಳಗಿಟ್ಟರು. ನನ್ನ ನವೀಕರಣದ ಪತ್ರ. ಟೈಪ್ ಆಗಿತ್ತು, ಅವರ ಸಹಿಯೊಂದು ಬಾಕಿ. ಬೆದರಿಕೆಯ ದನಿಯೇನೂ ಇರಲಿಲ್ಲ, ನನ್ನ ಒಳ್ಳೆಯದಕ್ಕೇ ತೋರಿಸಿದ ಹಾಗಿತ್ತು. ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ. ಎಣಿಸುವುದಷ್ಟೇ ನನ್ನ ಕೆಲಸವಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಒಂದು ಗಳಿಗೆ ಆಸೆಯಾಯಿತಲ್ಲ, ಅದರ ಮೇಲೆ.

ಸಹಿ ಹಾಕಲೆಂದೇ ಮರುದಿನ ಕೂತೆ. ಸುಳ್ಳು ಹೇಳುವುದಿಲ್ಲ. ಪಟ್ಟಿಯ ಕೊನೆಯಲ್ಲಿ ಹದಿನೆಂಟು ಉಲ್ಲೇಖಗಳು ಪರಿಶೀಲನೆಗೆ ಉಳಿದಿದ್ದವು, ಅವನ್ನು ಮುಗಿಸಿ ಸಹಿ ಹಾಕುವುದೆಂದು ನಿರ್ಧರಿಸಿಬಿಟ್ಟಿದ್ದೆ. ಅವುಗಳಲ್ಲೊಂದು ಪಿಎಚ್‌ಡಿ ಪ್ರಬಂಧ. ಉತ್ತರ ಕರ್ನಾಟಕದ ಒಬ್ಬ ಸಂಶೋಧಕಿ ಬರೆದದ್ದು. ಮೇಡಂ ಹೇಳಿದ ತಳಿಯನ್ನು ತನ್ನ ಸೀಮೆಯಲ್ಲಿ ಹುಡುಕುವುದೇ ಅವಳ ಪ್ರಬಂಧದ ವಿಷಯ. ಮೂರು ವರ್ಷ ಹಳ್ಳಿಹಳ್ಳಿ ಅಲೆದು, ಎಮ್ಮೆಯ ಮೊಸರು, ಹಸುವಿನ ಮೊಸರು, ಗಡಿಗೆ ಮೊಸರು ಎಲ್ಲವನ್ನೂ ತಂದು ಪರೀಕ್ಷಿಸಿದ್ದಳು. ಸಿಗಲಿಲ್ಲ. ಕೊನೆಯ ಅಧ್ಯಾಯದಲ್ಲಿ ಅವಳು ತಳಿಯನ್ನು ಅನುಮಾನಿಸಿರಲಿಲ್ಲ. ಮಾದರಿ ಸಂಗ್ರಹಿಸುವಾಗ ತನ್ನ ವಿಧಾನದಲ್ಲೇ ದೋಷವಾಗಿರಬಹುದು, ತಾನು ಸರಿಯಾಗಿ ಶೀತದಲ್ಲಿ ಇಡದೆ ಇದ್ದಿರಬಹುದು ಎಂದು ತನ್ನ ಮೇಲೇ ಹಾಕಿಕೊಂಡಿದ್ದಳು. ಒಂದು ಇಡೀ ಪುಟ, ತನ್ನ ತಪ್ಪು ಎಲ್ಲಿರಬಹುದೆಂದು.

ಆ ಪುಟವನ್ನು ಎರಡು ಸಲ ಓದಿದೆ. ಭರಣಿಯ ಮುಂದೆ ನಿಂತು ನಾನು ಬಾಯಿಗೆ ಬಂದದ್ದು ಹೇಳಿದ್ದಕ್ಕೆ ಒಬ್ಬಳು ಮೂರು ವರ್ಷ ಬಿಸಿಲಲ್ಲಿ ಅಲೆದಿದ್ದಾಳೆ. ಅತ್ತೆಗೆ ಹೆದರಿದೆ ಅನ್ನಬಹುದು. ಹೊಸ ಸೊಸೆ ಅನ್ನಬಹುದು. ಆದರೆ ಈಗ ನನಗೆ ನಲವತ್ತು ದಾಟಿದೆ, ಅತ್ತೆ ಇಲ್ಲ, ಎದುರಿಗಿರುವುದು ಅದೇ ಸುಳ್ಳಿನ ಇನ್ನೊಂದು ಹಾಳೆ, ಕೇಳುತ್ತಿರುವುದು ಮತ್ತೆ ನನ್ನದೇ ಮಾತು. ಕೋಷ್ಟಕದ ಪುಟವನ್ನೂ ಪ್ರಬಂಧದ ಆ ಪುಟವನ್ನೂ ಪ್ರಿಂಟ್ ತೆಗೆದು, ಅಟೆಂಡರ್ ಅಣ್ಣನಿಗೆ ಫೋನ್ ಮಾಡಿದೆ. ಆಶ್ಚರ್ಯಕ್ಕೆ ಮೊದಲ ರಿಂಗಿಗೇ ಎತ್ತಿದ.

ಮೇಡಂ ಲ್ಯಾಬಿನಲ್ಲಿ ಒಬ್ಬರೇ ಇದ್ದರು, ಗಾಜಿನ ತಟ್ಟೆಗಳಿಗೆ ಚೀಟಿ ಅಂಟಿಸುತ್ತಿದ್ದರು. ಪೀಠಿಕೆ ಹಾಕಿದರೆ ಹೇಳಲಾರೆ ಅನ್ನಿಸಿ ನೇರವಾಗಿ ಕೋಷ್ಟಕದ ಪುಟವನ್ನು ಅವರ ಮುಂದಿಟ್ಟೆ.

“ಮೇಡಂ, ಈ ಹದಿನೇಳನೇ ಮನೆ ನಮ್ದು. ಆ ಸೊಸೆ ನಾನೇ. ಆ ಮೊಸ್ರು ನಮ್ಮನೇದಲ್ಲ.”

ಎಲ್ಲ ಹೇಳಿದೆ. ಮುಗಿದ ಮೇಲೆ ಅವರು ಎದ್ದು ಕೈ ತೊಳೆದುಕೊಂಡರು, ಬಹಳ ಹೊತ್ತು ತೊಳೆದುಕೊಂಡರು. ಬೈಯುತ್ತಾರೆ ಎಂದು ಕಾದು ನಿಂತಿದ್ದೆ. ಬೈದಿದ್ದರೆ ಸಲೀಸಾಗಿತ್ತು.

“ಹೇಳ್ದೆ ಕೇಳ್ದೆ ಮನೆಗಳಿಗೆ ನುಗ್ಗಬಾರ್ದು, ಹಿಂದಿನ ದಿನಾನೇ ತಿಳ್ಸಿ ಬನ್ನಿ ಅಂತ ಹುಡುಗ್ರಿಗೆ ಹೇಳಿದ್ದು ನಾನೇ ಕಣ್ರೀ” ಎಂದರು. “ಮರ್ಯಾದೆ ಅಂದ್ಕೊಂಡಿದ್ದೆ.” ಟವಲಿಗೆ ಕೈ ಒರೆಸುತ್ತಾ ಮತ್ತೆ ಹೇಳಿದರು. ಡಿಎನ್‌ಎ ಗುರುತುಗಳು ತೀರಾ ತದ್ರೂಪವಾಗಿವೆ ಎಂದು ಆಗಲೇ ಒಬ್ಬ ಹುಡುಗ ಅನುಮಾನ ಪಟ್ಟಿದ್ದನಂತೆ. ಅದೇ ಅಲ್ಲವೇನೋ ನಮ್ಮ ಶೋಧ ಎಂದು ಇವರು ಅವನ ಬಾಯಿ ಮುಚ್ಚಿಸಿದ್ದರಂತೆ. ಹೊರಗಿನವರು ಸಿಗಲಿಲ್ಲ ಎಂದು ಬರೆದಾಗಲೆಲ್ಲ ಅವರಿಗೆ ಹುಡುಕೋಕೆ ಬರಲ್ಲ ಅಂದುಕೊಂಡದ್ದೂ ಉಂಟಂತೆ. ಆ ಪ್ರಬಂಧದ ಪುಟವನ್ನು ತೋರಿಸಿದೆ. ಅದನ್ನು ಓದುವಾಗ ಅವರ ಕಣ್ಣು ತುಂಬಿತು.

ಆದರೆ ನನ್ನ ಮಾತೊಂದನ್ನೇ ನಂಬಿ ಕೂರುವವರಲ್ಲ ಅವರು. ಹಸುಮನೆ ಅಜ್ಜಿ ಇದ್ದಾರಾ ಎಂದು ಕೇಳಿದರು. ಇದ್ದಾರೆ ಎಂದೆ. ಮಾರನೇ ಬೆಳಗ್ಗೆಯೇ ನಾಯಂಡಹಳ್ಳಿಯಲ್ಲಿ ಮೆಟ್ರೋ ಇಳಿದು ಆಟೋ ಹತ್ತಿ ಮೂಡಲಪಾಳ್ಯಕ್ಕೆ ಬಂದೆವು. ಅಜ್ಜಿಯ ಮನೆ ಈಗ ಮೂರಂತಸ್ತು, ಮೇಲೆಲ್ಲ ಬಾಡಿಗೆ. ಕೊಟ್ಟಿಗೆಯಿದ್ದ ಕಡೆ ಬಾಡಿಗೆಯವರ ಸ್ಕೂಟರುಗಳು ಸಾಲಾಗಿ ನಿಂತಿದ್ದವು. ಎಂಬತ್ತು ದಾಟಿದ ಅಜ್ಜಿ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮೇಡಂ ಅವರ ಪಕ್ಕದಲ್ಲೇ ನೆಲದ ಮೇಲೆ ಕೂತರು. ನಾನು ಆ ದಿನದ ನೆನಪು ಮಾಡಿಕೊಟ್ಟೆ.

“ಅಯ್ಯೋ, ಮರೀತೀನೇನವ್ವ? ಇಡೀ ಬೀದೀನೇ ಬಟ್ಲು ಹಿಡ್ಕೊಂಡು ಬಂದಿತ್ತು. ಹಿಂದಿನ್ ದಿನ ಸಂಜೆನೂ ಬಂದಿದ್ರು, ದೀಪ ಹಚ್ಚಾಯ್ತು ಬೆಳಗ್ಗೆ ಬನ್ರವ್ವ ಅಂತ ಕಳ್ಸಿದ್ದೆ. ಎರಡು ಗಡ್ಗೆ ಖಾಲಿ. ನಮ್ಮನೆಯವ್ರಿಗೆ ಉಣ್ಣಕ್ಕೆ ಮಜ್ಗೆನೂ ಇರ್ಲಿಲ್ಲ ಅವತ್ತು.”

ಇಲ್ಲಿಗೆ ನಮ್ಮ ಹುಡುಗರು ಬಂದಿರಲಿಲ್ಲವಾ ಎಂದು ಮೇಡಂ ಕೇಳಿದರು.

“ಬಂದಿದ್ರು. ಅಜ್ಜಿ ಮೊಸ್ರಿದ್ಯಾ ಅಂದ್ರು. ಎಲ್ಲಾ ಕೊಟ್ಬಿಟ್ಟೆ ಕಣ್ರಪ್ಪ, ಒಂದು ತೊಟ್ಟೂ ಇಲ್ಲ ಅಂದೆ. ಏನೋ ಬರ್ಕೊಂಡು ಹೋದ್ರು.”

ಮೇಡಂ ಚೀಲದಿಂದ ಕೋಷ್ಟಕ ತೆಗೆದು ಬೆರಳಿಟ್ಟು ಹುಡುಕಿದರು. ಮನೆ ಸಂಖ್ಯೆ ಒಂಬತ್ತು: ಮೊಸರು ಲಭ್ಯವಿಲ್ಲ, ಕೈಬಿಡಲಾಗಿದೆ. ಅವರು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಯುವ ಹಾಗೆ. ಅಜ್ಜಿಗೆ ಏನೂ ತಿಳಿಯದೆ ಅವರೂ ನಕ್ಕರು. ನನಗೆ ನಗು ಬರಲಿಲ್ಲ.

ಹಸುಗಳು ಹೋಗಿ ಹಾಲು ಪ್ಯಾಕೆಟ್ಟಿನದಾಗಿದ್ದರೂ ಅಜ್ಜಿ ಹೆಪ್ಪನ್ನು ಬಿಟ್ಟಿರಲಿಲ್ಲ. ಮೇಡಂ ಒಂದು ಸೀಸೆ ತುಂಬಿಸಿಕೊಂಡರು. ಹದಿನಾಲ್ಕು ವರ್ಷದ ಹಿಂದಿನ ಮಾದರಿಗಳು ಲ್ಯಾಬಿನ ಫ್ರೀಜರಿನಲ್ಲಿ ಹಾಗೇ ಇದ್ದವು. ಹುಡುಗಿಯರು ಹತ್ತು ದಿನ ಕೂತು ಹೋಲಿಸಿದರು. ನಾನು ಆ ದಿನಗಳಲ್ಲಿ ಬೇಕೆಂದೇ ಲ್ಯಾಬಿನ ಕಡೆ ಸುಳಿಯಲಿಲ್ಲ. ಕೊನೆಗೆ ಮೇಡಂ ತಾವೇ ಲೈಬ್ರರಿಗೆ ಬಂದು, ಒಂದು ಪುಸ್ತಕವನ್ನು ಅದರ ಜಾಗದಲ್ಲಿಟ್ಟು, ನನ್ನ ಮೇಜಿನ ಮುಂದೆ ನಿಂತು ಹೂಂ ಎಂದು ತಲೆಯಾಡಿಸಿದರು. ಅಷ್ಟೂ ಅಜ್ಜಿಯ ಮೊಸರೇ.

ಅರ್ಜಿಯಿಂದ ಮೇಡಂ ತಮ್ಮ ಹೆಸರನ್ನು ತಾವೇ ವಾಪಸ್ ಪಡೆದರು. ಪ್ರಿನ್ಸಿಪಾಲರು ನನ್ನನ್ನು ಕರೆದು, ಒಂದು ಸಹಿ ಕೇಳಿದ್ದಕ್ಕೆ ಇಡೀ ವಿಭಾಗವನ್ನೇ ಮುಳುಗಿಸಿದಿರಿ ಎಂದರು. ಅದು ನಿಜವಾಗಿತ್ತು. ಅರ್ಜಿ ರಸಾಯನ ವಿಭಾಗದ ಪ್ರಾಧ್ಯಾಪಕರೊಬ್ಬರ ಹೆಸರಿನಲ್ಲಿ ಹೋಯಿತು, ಎಣಿಸಿ ಸಹಿ ಹಾಕಲು ಹೊರಗಿನ ಗ್ರಂಥಪಾಲಕರು ಸಿಕ್ಕರು. ಲ್ಯಾಬಿನ ಅರ್ಧಕ್ಕೆ ಪ್ಲೈವುಡ್ ಗೋಡೆ ಬಂತು. ಇಬ್ಬರು ಹುಡುಗಿಯರಲ್ಲಿ ಒಬ್ಬಳು ಬೇರೆ ವಿಶ್ವವಿದ್ಯಾಲಯಕ್ಕೆ ಹೋದಳು. ಹೋಗುವ ದಿನ ಲೈಬ್ರರಿ ಕಾರ್ಡ್ ಹಿಂತಿರುಗಿಸಲು ಬಂದವಳು ನನ್ನ ಮುಖ ನೋಡಲಿಲ್ಲ. ನನಗೆ ಒಂದು ವರ್ಷದ ನವೀಕರಣದ ಬದಲು ಮೂರು ತಿಂಗಳದ್ದು ಬಂತು. ಆಮೇಲೆ ಮತ್ತೆ ಮೂರು ತಿಂಗಳು. ಈಗಲೂ ಹಾಗೇ ನಡೆದಿದೆ, ಅದೇ ಜೆರಾಕ್ಸ್ ಕೋಣೆಯಲ್ಲಿ, ಪುಸ್ತಕಗಳಿಗೆ ಬಾರ್‌ಕೋಡ್ ಅಂಟಿಸುವ ಕೆಲಸ. ಚಿಲಕ ಇನ್ನೂ ರಿಪೇರಿಯಾಗಿಲ್ಲ.

ಮೇಡಂ ಬರೆದ ತಿದ್ದುಪಡಿ ಮೂಲ ಲೇಖನ ಬಂದಿದ್ದ ಪತ್ರಿಕೆಯಲ್ಲೇ ಅಚ್ಚಾಗಲು ಎಂಟು ತಿಂಗಳು ಹಿಡಿಯಿತು. ಅಚ್ಚಾದ ವಾರ ಪ್ರಿನ್ಸಿಪಾಲರು ಇಂಟರ್‌ಕಾಮಿನಲ್ಲಿ ಕರೆ ಮಾಡಿ, ಮೇಡಂ ಅವರ ಮೊಸರಿನ ಲೇಖನಕ್ಕೆ ಒಂದು ಉಲ್ಲೇಖ ಜಾಸ್ತಿಯಾಗಿದೆಯಲ್ಲ, ಯಾರದ್ದು ನೋಡಿ ಎಂದು ಉತ್ಸಾಹದಲ್ಲಿ ಕೇಳಿದರು. ತೆರೆದು ನೋಡಿದೆ. ಮೇಡಂ ತಿದ್ದುಪಡಿಯಲ್ಲಿ ತಮ್ಮ ಹಳೇ ಲೇಖನವನ್ನು ಹೆಸರಿಸಿ ‘ಇದು ತಪ್ಪು’ ಎಂದು ಬರೆದಿದ್ದರು, ಕೋಶ ಅದನ್ನೂ ಎಣಿಸಿ ಸೇರಿಸಿಕೊಂಡಿತ್ತು. ಸ್ವಂತದ್ದು ಸಾರ್, ಲೆಕ್ಕಕ್ಕಿಲ್ಲ ಎಂದೆ. ಓ ಎಂದು ಫೋನಿಟ್ಟರು.

ತೆರೆದಿದ್ದೆನಲ್ಲ, ಅನುಬಂಧಕ್ಕೂ ಹೋದೆ. ಹೊಸ ಕೋಷ್ಟಕದಲ್ಲಿ ‘ಮೊಸರಿನ ಮೂಲ’ ಎಂಬ ಕಾಲಂ ಸೇರಿತ್ತು. ಬೀದಿಯಲ್ಲಿ ಉಳಿದವರನ್ನೆಲ್ಲ ಮೇಡಂ ಒಬ್ಬೊಬ್ಬರನ್ನೇ ಕಂಡು ಕೇಳಿ ತುಂಬಿದ್ದರು. ಆ ಮುಂಜಾನೆ ಮುಖ ತಪ್ಪಿಸಿದವರೆಲ್ಲ ಒಪ್ಪಿಕೊಂಡಿದ್ದರು. ಬೆರಳು ಕೆಳಗಿಳಿಸುತ್ತಾ ಬಂದು ನನ್ನ ಸಾಲಿಗೆ ನಿಂತೆ. ಮನೆ ಸಂಖ್ಯೆ ಹದಿನೇಳು. ಪಾತ್ರೆ: ಪಿಂಗಾಣಿ ಭರಣಿ. ಮೊಸರಿನ ಮೂಲ: ಅಂದು ಬೆಳಗ್ಗೆ ಮನೆ ಸಂಖ್ಯೆ ಒಂಬತ್ತರಿಂದ ತಂದದ್ದು. ಉತ್ತರಿಸಿದವರು: ಅದೇ ಸೊಸೆ.